ಸೇನಾನಿಯ ಸದ್ದಡಗಿದ ಒಂಬತ್ತು ದಿನ

ಏಕಾಂತಯ್ಯ ತನ್ನ ಐವತ್ತಾರು ವರ್ಷದಲ್ಲಿ ಒಂದೇ ಒಂದು ಕಾಡಾನೆಯನ್ನೂ ನೋಡಿರಲಿಲ್ಲ.

ಬೇರೆ ಊರಿನವನಾಗಿದ್ದರೆ ಇದನ್ನು ಯಾರೂ ಬರೆದಿಡುತ್ತಿರಲಿಲ್ಲ. ಆದರೆ ಬಾಳ್ಳುಪೇಟೆಯಲ್ಲಿ ಹುಟ್ಟಿ, ಅಲ್ಲಿಂದ ಎಂಟು ಕಿಲೋಮೀಟರ್ ಒಳಗಿರುವ ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಆಳುಗಳ ಹಾಜರಿ ಬರೆಯುವ ರೈಟರ್ ಆಗಿರುವ ಮನುಷ್ಯ ಆನೆ ನೋಡಿಲ್ಲವೆಂದರೆ, ಮಂಗಳೂರಿನವನು ಮೀನು ನೋಡಿಲ್ಲ ಅಂದ ಹಾಗೆ. ಪಕ್ಕದ ಮನೆಯ ನಾಗರತ್ನಮ್ಮ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಅವಳ ಕಣ್ಣೆದುರೇ ಒಂದು ಆನೆ ಬಾಳೆಯ ಬುಡ ಕಿತ್ತುಕೊಂಡು ಹೋಗಿತ್ತು. ಆಲೂರು ಬಸ್ಸಿನ ಕಂಡಕ್ಟರ್ ಹನ್ನೊಂದು ಆನೆ ಎಣಿಸಿದ್ದ. ಏಕಾಂತಯ್ಯನ ಹೆಂಡತಿ ಬಸಮ್ಮನೂ ಎರಡು ಸಲ ನೋಡಿದ್ದಳು. ಎರಡೂ ಸಲ ಗಂಡ ಜೊತೆಯಲ್ಲಿರಲಿಲ್ಲ.

"ನಿಮ್ಗೆ ಆ ಯೋಗ ಇಲ್ಲ ಬಿಡಿ" ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಸಮಾಧಾನದಂತೆ ಕೇಳುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಅವಮಾನ ಕೆಲಸದ ಜಾಗದಲ್ಲಿತ್ತು. ಆನೆ ತೋಟಕ್ಕೆ ನುಗ್ಗಿದಾಗಲೆಲ್ಲ ಅರಣ್ಯ ಇಲಾಖೆಗೆ ನಷ್ಟದ ಅರ್ಜಿ ಬರೆಯಬೇಕಾದವನು ರೈಟರ್. ಅರ್ಜಿಯ ಕೊನೆಯಲ್ಲಿ 'ಆನೆಯನ್ನು ಕಣ್ಣಾರೆ ಕಂಡವರ ಹೆಸರು ಮತ್ತು ಸಹಿ' ಎಂಬ ಗೆರೆಯಿತ್ತು. ತೋಟದ ಹೆಣ್ಣಾಳುಗಳ ಮುಖಂಡಳಾದ ಕಲ್ಯಾಣಮ್ಮ ಪ್ರತಿಸಲವೂ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಆ ಗೆರೆಯ ಮೇಲೆ ಸಹಿ ಹಾಕುತ್ತಿದ್ದಳು. "ಬರ್ಯೋರು ನೀವು, ಕಾಣೋರು ನಾವು, ಅಲ್ವಾ ರೈಟ್ರೇ?" ಎಂದು ಪೆನ್ನು ವಾಪಸು ಕೊಡುತ್ತಿದ್ದಳು.

ಆನೆ ಯಾಕೆ ಕಾಣುತ್ತಿಲ್ಲ ಎಂಬುದಕ್ಕೆ ಉತ್ತರ ಏಕಾಂತಯ್ಯನ ಕುಂಡಿಯ ಕೆಳಗೇ ಇತ್ತು. ಅದು ಅವನ ಸೇನಾನಿ ಬೈಕು. ಸೇನಾನಿ ಕಂಪನಿಗೆ ಎಪ್ಪತ್ತು ವರ್ಷ. ಆ ಎಪ್ಪತ್ತು ವರ್ಷದಲ್ಲಿ ಅದು ಬದಲಾಯಿಸದೆ ಉಳಿಸಿಕೊಂಡದ್ದು ಸದ್ದೊಂದನ್ನೇ. ಏಕಾಂತಯ್ಯ ಬಾಳ್ಳುಪೇಟೆಯಲ್ಲಿ ಕಿಕ್ಕರ್ ಒದ್ದರೆ ಅಂಗಡಿ ಕಪಾಟಿನ ಗಾಜು ನಡುಗುತ್ತಿತ್ತು. ಎಸ್ಟೇಟಿಗೆ ಮೂರು ತಿರುವು ಇರುವಾಗಲೇ ಗುಡುಗು ಬಂದ ಹಾಗೆ ಸದ್ದು ಬಂದು ಮುಟ್ಟುತ್ತಿತ್ತು. ಆ ಸದ್ದಿಗೆ ಹಕ್ಕಿ ಹಾರುತ್ತಿತ್ತು, ಕೂತ ಆಳು ಏಳುತ್ತಿತ್ತು, ಆನೆ ಮರ್ಯಾದೆಯಿಂದ ದಾರಿ ಬಿಟ್ಟು ಕಾಡಿಗೆ ಇಳಿಯುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಈ ವಿಷಯ ಗೊತ್ತಿಲ್ಲದವನು ಗಾಡಿಯ ಮೇಲೆ ಕೂತವನೊಬ್ಬನೇ.

ಹಾಗಾಗಿ ಏಕಾಂತಯ್ಯನಿಗೆ ಎರಡು ಗಟ್ಟಿ ನಂಬಿಕೆಗಳಿದ್ದವು. ಒಂದು, ತನ್ನ ತೋಟದಲ್ಲಿ ಆಳುಗಳು ಕೂರುವುದೇ ಇಲ್ಲ. ಎರಡು, ಬಸಮ್ಮನ ಒಲೆಯ ಮೇಲೆ ಕಾಫಿ ಹಗಲೆಲ್ಲ ಬಿಸಿಯಾಗಿಯೇ ಇರುತ್ತದೆ. ಮದುವೆ ಮನೆಗಳಲ್ಲಿ, ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ, ಅವನು ಇವೆರಡನ್ನೂ ಅಕ್ಕಪಕ್ಕದವರಿಗೆ ಹೇಳುತ್ತಿದ್ದ. ಅವರು ಎಲೆ ನೋಡಿಕೊಂಡು ಉಣ್ಣುತ್ತಿದ್ದರು.

ಆ ಸದ್ದು ನಿಂತದ್ದು ನವರಾತ್ರಿಯ ಮೊದಲನೇ ದಿನ. ನಿಲ್ಲಿಸಿದವನು ಅವನ ಅಕ್ಕನ ಮಗ ಮಹೇಶ.

ಬಾಳ್ಳುಪೇಟೆಯ ಹೆದ್ದಾರಿಯಲ್ಲಿ ಸೇನಾನಿ ಶೋರೂಮು ಮಹೇಶನದು. ಬೋರ್ಡು ಅವನಪ್ಪ ಹಾಕಿಸಿದ್ದು. ಬಣ್ಣ ಹೋದರೂ ಅಕ್ಷರ ಓದಬಹುದಿತ್ತು. ಅವತ್ತು ಅವನು ಸೋದರಮಾವನನ್ನು ಕೂರಿಸಿಕೊಂಡು ಕಷ್ಟ ಹೇಳಿದ.

"ಮಾವ, ನಮ್ಮ ಗಿರಾಕಿಗಳೆಲ್ಲ ಒಬ್ಬೊಬ್ರೇ ಶಿವನ ಪಾದ ಸೇರ್ತಾವ್ರೆ. ಹೊಸಬ್ರು ಬರ್ತಿಲ್ಲ. ಹೋದ ವರ್ಷ ಬಂದೋರಲ್ಲಿ ಎಲ್ರಿಗಿಂತ ಚಿಕ್ಕೋನಿಗೆ ಐವತ್ತೊಂದು. ಅವನೂ ಬಂದಿದ್ದು ಚೈನ್ ಕವರ್ರಿಗೆ."

"ಹುಡುಗ್ರು ಏನಂತಾರೆ?"

"ಅಪ್ಪನ ಗಾಡಿ ಅಂತಾರೆ. ಮನೇಲಿ ಒಂದೈತೆ, ಅದ್ರ ಮೇಲೆ ಕೋಳಿ ಕೂರ್ತವೆ ಅಂತಾರೆ."

ಕಂಪನಿಗೂ ಇದು ಮುಟ್ಟಿತ್ತು. ಹುಡುಗರಿಗೆಂದೇ ಅದು ಬ್ಯಾಟರಿಯ ಹೊಸ ಬೈಕೊಂದನ್ನು ಮಾಡಿ, 'ಸೇನಾನಿ ಯುವ' ಎಂದು ಹೆಸರಿಟ್ಟು, ಮಾದರಿಗೆ ಒಂದನ್ನು ಮಹೇಶನಿಗೆ ಕಳಿಸಿತ್ತು. ಜೊತೆಗೊಂದು ಪತ್ರ. ಮೂವತ್ತು ದಾಟದ ಹತ್ತು ಜನ ಆಯುಧಪೂಜೆಯೊಳಗೆ ಇದನ್ನು ಬುಕ್ ಮಾಡಬೇಕು. ಇಲ್ಲದಿದ್ದರೆ ಬೋರ್ಡು ಇಳಿಸಬೇಕು. ಅಲ್ಲಿಯವರೆಗೆ ಊರಿನ ಒಬ್ಬ ಯುವ ರಾಯಭಾರಿ ಈ ಗಾಡಿಯನ್ನು ದಿನವೂ ಓಡಿಸಿ ಜನರಿಗೆ ತೋರಿಸಬೇಕು.

"ಹದಿನಾಲ್ಕು ಹುಡುಗರನ್ನ ಕೇಳ್ದೆ ಮಾವ. ಒಬ್ಬನೂ ಹತ್ಲಿಲ್ಲ. ಫಾರಮ್ಮಲ್ಲಿ ನಿಮ್ಮ ಹೆಸರೇ ಬರ್ದುಬುಟ್ಟೆ."

"ವಯಸ್ಸು?"

"ಇಪ್ಪತ್ತೆಂಟು."

"ಅಯ್ಯೋ ಪಾಪಿ!"

"ಸುಳ್ಳೇನಲ್ಲ ಮಾವ. ಸರ್ವೀಸು ಅಷ್ಟಾಗೈತಲ್ಲ."

ಅಕ್ಕನ ಮಗನ ಬೋರ್ಡಿನ ಪ್ರಶ್ನೆ. ಏಕಾಂತಯ್ಯ ಹಳೆಯ ಸೇನಾನಿಯನ್ನು ಶೋರೂಮಿನ ಮೂಲೆಗೆ ನಿಲ್ಲಿಸಿ, ಅದರ ಟ್ಯಾಂಕನ್ನು ಎರಡು ಸಲ ತಟ್ಟಿ, ಹೊಸದನ್ನು ಹತ್ತಿದ. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗಿತ್ತು. ಕೀಲಿ ತಿರುಗಿಸಿದ.

"ಸ್ಟಾರ್ಟ್ ಆಗ್ಲಿಲ್ವಲ್ಲೋ."

"ಆಗೈತೆ ಮಾವ."

"ಎಲ್ಲೋ? ಏನೂ ಕೇಳ್ತಿಲ್ಲ."

"ಆಗೈತೆ ಅಂದ್ನಲ್ಲ!"

ಏಕಾಂತಯ್ಯನಿಗೆ ಸಂಶಯ ತೀರಲಿಲ್ಲ. ಹಳೆಯ ಗಾಡಿಯಲ್ಲಿ ಮಾಡುತ್ತಿದ್ದಂತೆ ಆಕ್ಸಿಲರೇಟರನ್ನು ಪೂರ್ತಿ ತಿರುವಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಗಾಡಿ ರಸ್ತೆ ದಾಟಿ ಎದುರಿನ ಟೀ ಅಂಗಡಿಯ ಎರಡು ಬೆಂಚುಗಳ ನಡುವೆ ಹೋಗಿ ನಿಂತಿತು. ಟೀ ಸೋಸುತ್ತಿದ್ದವನು ತಲೆಯೆತ್ತಿ, "ರೈಟ್ರು ಯಾವಾಗ ಬಂದ್ರಿ? ಗೊತ್ತೇ ಆಗ್ಲಿಲ್ಲ" ಎಂದ. ಸೇನಾನಿ ಯುವಕ್ಕೆ ಸಾರ್ವಜನಿಕರಿಂದ ಸಿಕ್ಕ ಮೊದಲ ಅಭಿಪ್ರಾಯ ಇದು.

ಎರಡನೇ ದಿನ ಏಕಾಂತಯ್ಯ, ರಾತ್ರಿ ಶೋರೂಮಿನಲ್ಲೇ ಚಾರ್ಜಿಗೆ ಬಿಟ್ಟಿದ್ದ ಆ ಗಾಡಿಯ ಮೇಲೆ ತೋಟಕ್ಕೆ ಹೊರಟ. ಮೊದಲನೇ ತಿರುವಿನಲ್ಲಿ ಒಂದು ಹಕ್ಕಿ ಶಿಳ್ಳೆ ಹಾಕಿದ್ದು ಕೇಳಿಸಿತು. ಯಾರೋ ಪೋಕರಿ ಇರಬೇಕೆಂದು ಅವನು ಗಾಡಿ ನಿಲ್ಲಿಸಿ ಬೈದ. ಎರಡನೇ ತಿರುವಿನಲ್ಲಿ ಕಲ್ಲಿನ ಮೇಲೆ ನೀರು ಇಳಿಯುವ ಸದ್ದು. ಇಪ್ಪತ್ತೆಂಟು ವರ್ಷ ಆ ಮೋರಿಯ ಮೇಲೆ ಹಾದುಹೋದವನಿಗೆ ಕೆಳಗೆ ನೀರಿದೆಯೆಂದು ಗೊತ್ತಿರಲಿಲ್ಲ. ಮೂರನೇ ತಿರುವಿನಲ್ಲಿ ಕೇಳಿಸಿದ್ದು ನಗು. ಒಬ್ಬರದಲ್ಲ, ಹತ್ತಾರು ಹೆಂಗಸರದು.

ಕಾಫಿಯ ನೆರಳಿಗೆ ನೆಟ್ಟ ಸಿಲ್ವರ್ ಮರಗಳ ಸಂದಿಯಿಂದ ಏಕಾಂತಯ್ಯ ನೋಡಿದ. ಹದಿನೆಂಟು ಜನ ಕೂತಿದ್ದರು. ಬರೇ ಕೂತಿರಲಿಲ್ಲ, ಕಾಲು ಚಾಚಿ ಕೂತಿದ್ದರು. ಕಳೆಗತ್ತಿಗಳು ಒಂದು ಕಡೆ ರಾಶಿಯಾಗಿ ಮಲಗಿದ್ದವು. ನಡುವೆ ಕಲ್ಯಾಣಮ್ಮ ಎದ್ದು ನಿಂತು, ಕಂಕುಳಲ್ಲಿ ಒಂದು ಪುಸ್ತಕ ಇಟ್ಟುಕೊಂಡವಳ ಹಾಗೆ ಕೈ ಮಡಚಿ, ಹೊಟ್ಟೆ ಮುಂದೆ ಮಾಡಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ನಡಿಗೆ ಯಾರದು ಎಂದು ಏಕಾಂತಯ್ಯನಿಗೆ ತಿಳಿಯಲಿಲ್ಲ. ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು, ಅಷ್ಟೆ.

ಕೂತ ಆಳನ್ನು ಎಂದೂ ಕಾಣದ ಮನುಷ್ಯ ಅದಕ್ಕೆ ಯಾವ ಅರ್ಥ ಕೊಟ್ಟಾನು? ಸಾವಾಗಿದ್ದರೆ ನಗುತ್ತಿರಲಿಲ್ಲ. ಹಾಗಾದರೆ ಉಳಿದದ್ದು ಒಂದೇ. ಅವನು ಮರದ ಮರೆಗೆ ಸರಿದು ಸಕಲೇಶಪುರದಲ್ಲಿದ್ದ ಎಸ್ಟೇಟ್ ಮಾಲೀಕ ರವಿಚಂದ್ರನಿಗೆ ಫೋನು ಮಾಡಿದ.

"ಸಾವ್ಕಾರ್ರೇ, ತೋಟದಲ್ಲಿ ಸ್ಟ್ರೈಕ್."

"ಏನ್ರೀ ಬೇಡಿಕೆ?"

"ಗೊತ್ತಾಗ್ತಿಲ್ಲ. ನಗ್ತಾವ್ರೆ."

"ನಗ್ತಾವ್ರೆ ಅಂದ್ರೆ ದೊಡ್ಡ ಬೇಡಿಕೇನೇ ಇರ್ಬೇಕು" ಎಂದು ರವಿಚಂದ್ರ ಫೋನಿಟ್ಟ.

ಒಂದು ಗಂಟೆಯೊಳಗೆ ಅವನು ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರನ್ನು ಹಿಂದೆ ಕೂರಿಸಿಕೊಂಡು ಬಂದ. ಬಂದದ್ದು ತನ್ನ ಸೇನಾನಿಯಲ್ಲಿ. ಅದು ಏಕಾಂತಯ್ಯನದಕ್ಕಿಂತ ದೊಡ್ಡ ಇಂಜಿನ್ನಿನದು. ಎರಡು ಬೆಟ್ಟದಾಚೆಗೇ ಕೇಳಿಸಿತು. ಅವರು ಇಳಿದಾಗ ಹತ್ತೊಂಬತ್ತು ಬೆನ್ನುಗಳು ಬಾಗಿದ್ದವು, ಹತ್ತೊಂಬತ್ತು ಕತ್ತಿಗಳು ಆಡುತ್ತಿದ್ದವು. ಅಷ್ಟು ಬಿಗಿಯಾದ ದುಡಿಮೆಯನ್ನು ಅಧಿಕಾರಿ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವರೇ ಮುಂದೆ ಬಂದು ಕೇಳಿದರು.

"ಏನಮ್ಮಾ, ಸ್ಟ್ರೈಕಂತೆ?"

"ಯಾವ ಸ್ಟ್ರೈಕು ಸ್ವಾಮಿ?" ಕಲ್ಯಾಣಮ್ಮ ಬಗ್ಗಿದಲ್ಲಿಂದಲೇ ಹೇಳಿದಳು. "ನೀರು ಕುಡ್ಯಕ್ಕೂ ಪುರುಸೊತ್ತಿಲ್ಲ."

ಅಧಿಕಾರಿ ಮರುಗಿಬಿಟ್ಟರು. ಈ ತೋಟದಲ್ಲಿ ಕೆಲಸ ಮಿತಿಮೀರಿದೆ, ಬೆಳಿಗ್ಗೆ ಹದಿನೈದು ನಿಮಿಷ, ಮಧ್ಯಾಹ್ನ ಹದಿನೈದು ನಿಮಿಷ ಕಡ್ಡಾಯವಾಗಿ ಕೂರಿಸಬೇಕು ಎಂದು ಅಲ್ಲೇ ಬರೆದುಕೊಟ್ಟರು. ರವಿಚಂದ್ರ ಆ ಕಾಗದವನ್ನು ಓದಿ ರೈಟರ್ ಕಡೆ ನೋಡಿದ ನೋಟವನ್ನು ಏಕಾಂತಯ್ಯ ಜನ್ಮದಲ್ಲಿ ಮರೆಯಲಾರ.

ನೊಂದ ಮನುಷ್ಯ ಬೇಗ ಮನೆಗೆ ಬಂದ. ಬಾಗಿಲು ತೆಗೆದಿತ್ತು. ಒಲೆ ತಣ್ಣಗಿತ್ತು. ಕಾಫಿ ಇರಲಿಲ್ಲ, ಬಸಮ್ಮನೂ ಇರಲಿಲ್ಲ, ಅವಳ ಚಪ್ಪಲಿಯೂ ಇರಲಿಲ್ಲ. ಇಂಥದ್ದು ಇಪ್ಪತ್ತೆಂಟು ವರ್ಷದಲ್ಲಿ ಆಗಿರಲಿಲ್ಲ. ಹೆಂಡತಿ ಬಿಟ್ಟುಹೋದಳು ಎಂದು ತೀರ್ಮಾನಿಸಲು ಅವನಿಗೆ ಎರಡು ನಿಮಿಷ ಸಾಕಾಯಿತು. ಆಲೂರಿನಲ್ಲಿದ್ದ ಅವಳ ಅಣ್ಣನಿಗೆ ಫೋನು ಹಚ್ಚಿದ.

"ಬಸಮ್ಮ ಅಲ್ಲಿಗೆ ಬಂದ್ಲಾ ಭಾವ?"

"ಇಲ್ವಲ್ಲ. ಏನಾದ್ರೂ ಅಂದ್ರಾ?"

"ಇಲ್ಲ ಭಾವ. ಕಾಫಿ ಇಲ್ಲ."

ಅರ್ಧ ಗಂಟೆಯಲ್ಲಿ ಆಲೂರಿನಿಂದ ಒಂದು ಟೆಂಪೋ ಜನ ಬಂದಿಳಿದರು. ಅತ್ತಿಗೆಯಂದಿರು ಬರುತ್ತಲೇ ಕಣ್ಣೊರೆಸಿಕೊಂಡರು. ದೊಡ್ಡ ಭಾವ ತೋಳು ಮಡಚಿದ. ಆ ಗಲಾಟೆಗೆ ಪಕ್ಕದ ಮನೆಯಿಂದ ನಾಗರತ್ನಮ್ಮ ಇಣುಕಿದಳು. ಅವಳ ಹಿಂದೆ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಬಸಮ್ಮ.

"ಇದೇನು ಎಲ್ಲ ಬಂದವ್ರೆ? ಇವರ್ಯಾವಾಗ ಬಂದ್ರು? ಗಾಡಿ ಸದ್ದೇ ಇಲ್ಲ?"

"ಕಾಫಿ ಎಲ್ಲೇ?" ಎಂದ ಏಕಾಂತಯ್ಯ.

"ಗಾಡಿ ರೈಸ್‌ಮಿಲ್ ತಿರುವಲ್ಲಿ ಕೇಳಿದ್ಮೇಲೆ ತಾನೆ ಹಾಲಿಡೋದು? ಅಲ್ಲೀವರ್ಗೂ ಇವ್ರ ಮನೇಲಿ ಟಿವಿ ನೋಡ್ತೀನಿ."

"ದಿನಾನಾ?"

"ಇನ್ನೇನು, ಹಬ್ಬಕ್ಕೊಂದು ದಿನಾನಾ?"

"ನಾವೂ ಅದೇ ಸದ್ದಿಗೇ ಅನ್ನಕ್ಕಿಡೋದು ಕಣ್ರೀ" ಎಂದಳು ನಾಗರತ್ನಮ್ಮ. "ಇವತ್ತು ಈ ಬೀದೀಲಿ ಯಾರ ಮನೇಲೂ ಅನ್ನ ಆಗಿಲ್ಲ."

ಟೆಂಪೋದವರಿಗೆಲ್ಲ ಬಸಮ್ಮ ಉಪ್ಪಿಟ್ಟು ಮಾಡಬೇಕಾಯಿತು. ಏಕಾಂತಯ್ಯ ಜಗಲಿಯ ಮೇಲೆ ಕೂತು ತನ್ನ ಬದುಕನ್ನು ಹಿಂದಿನಿಂದ ಮುಂದಕ್ಕೆ ಕೇಳಿಸಿಕೊಂಡ. ತಾನು ಹೋದಲ್ಲೆಲ್ಲ ಲೋಕ ಎದ್ದು ನಿಂತು, ಬಟ್ಟೆ ಕೊಡವಿಕೊಂಡು, ಮುಖ ಗಂಟಿಕ್ಕಿಕೊಂಡು ಕಾದಿತ್ತು. ಇದೇನು ಸಣ್ಣ ಗೌರವವೇ? ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂಲೆಗೆ ನಿಲ್ಲಿಸಿ ಬಂದ ಹಳೆಯ ಗಾಡಿಯ ನೆನಪಾಗಿ ಮೈ ಜುಂ ಎಂದಿತು.

ನಾಲ್ಕನೇ ದಿನ ಕಲ್ಯಾಣಮ್ಮ ಹತ್ತು ಹೆಂಗಸರನ್ನು ಕಟ್ಟಿಕೊಂಡು ಶೋರೂಮಿಗೇ ಬಂದಳು.

"ನಮ್ಮ ರೈಟ್ರ ಹಳೇ ಗಾಡಿ ಕೊಟ್ಬುಡಪ್ಪ ಮಹೇಶ. ಈ ಗಾಡಿ ಬಂದ್ಮೇಲೆ ಕೆಲ್ಸಾನೇ ಸಾಗ್ತಿಲ್ಲ. ಎರಡು ದಿನದಲ್ಲಿ ಮುಗಿಸ್ತಿದ್ದ ಕಳೆ ಇನ್ನೂ ಅರ್ಧ ಐತೆ. ತಿರುಗ್ತಿರುಗಿ ನೋಡೋದ್ರಲ್ಲೇ ಹೊತ್ತು ಹೋಯ್ತದೆ. ನೆಮ್ದಿಯಾಗಿ ಕೂತ್ರೆ ತಾನೆ ನೆಮ್ದಿಯಾಗಿ ದುಡಿಯೋದು?"

"ಅಷ್ಟು ಸದ್ದಿಲ್ವೇನಕ್ಕಾ?" ಎಂದು ಬಾಗಿಲಲ್ಲಿ ನಿಂತಿದ್ದ ಸಿದ್ದು ಕೇಳಿದ. ಅವನು ಇಪ್ಪತ್ಮೂರು ವರ್ಷದವನು, ಮಹೇಶ ಕೇಳಿದ್ದ ಹದಿನಾಲ್ಕು ಹುಡುಗರಲ್ಲಿ ಮೊದಲು ಬೇಡ ಅಂದವನು.

"ಇಲ್ಲ ಕಣೋ. ಬೆನ್ನ ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ."

"ಮನೇಲಿ ಮಲ್ಗಿರೋರ್ಗೂ?"

"ಅಪ್ಪನ ತಲೆದಿಂಬಿನ ಪಕ್ಕ ಓಡ್ಸುದ್ರೂ ಏಳಲ್ಲ."

ಸಿದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ, ಒಳಗೆ ಬಂದು ಬುಕಿಂಗ್ ಬರೆಸಿದ. ಸಂಜೆಗೆ ಬುಕಿಂಗ್ ನಾಲ್ಕಾಯಿತು. ಏಳನೇ ದಿನಕ್ಕೆ ಒಂಬತ್ತು. ಎಪ್ಪತ್ತು ವರ್ಷ ಕಂಪನಿ ಸದ್ದು ಮಾಡಿ ಗಳಿಸದ ಗಿರಾಕಿಗಳು, ಅಪ್ಪನ ಕಿವಿಗೆ ಬೀಳದೆ ಮನೆ ಸೇರಬಹುದು ಎಂಬ ಒಂದೇ ಗುಣಕ್ಕೆ ಸಾಲಾಗಿ ಬಂದರು. ಮಹೇಶ ಮೊದಲ ಸಲ ಬೋರ್ಡಿಗೆ ಏಣಿ ಹಾಕಿ ಧೂಳು ಒರೆಸಿದ. ಇನ್ನು ಬೇಕಾದದ್ದು ಒಂದೇ ಒಂದು ಬುಕಿಂಗ್.

ಎಂಟನೇ ದಿನ ಕಂಪನಿಯಿಂದ ಸುನಿಲ್‌ಕುಮಾರ್ ಬಂದರು. ತೊಗಲಿನ ಜಾಕೆಟ್ಟು, ಮೊಣಕಾಲುದ್ದದ ಬೂಟು. ಯುವ ರಾಯಭಾರಿಯನ್ನು ನೋಡಬೇಕೆಂದರು. ಏಕಾಂತಯ್ಯ ಟಿಫನ್ ಕ್ಯಾರಿಯರ್ ಹಿಡಿದು ಮುಂದೆ ಬಂದ. ಸುನಿಲ್‌ಕುಮಾರ್ ಬಿಳಿ ಮೀಸೆ ನೋಡಿದರು, ಫಾರಮ್ಮು ನೋಡಿದರು, ಮತ್ತೆ ಮೀಸೆ ನೋಡಿದರು.

"ನಮ್ಮ ಕಡೆ ಮಳೆ ಜಾಸ್ತಿ ಸಾರ್" ಎಂದ ಮಹೇಶ. "ಕೂದಲು ಬೇಗ ತೊಳ್ದೋಗುತ್ತೆ."

ಸುನಿಲ್‌ಕುಮಾರ್ ಕಟುಕರೇನಲ್ಲ. ತಮಗೂ ಇಪ್ಪತ್ತೊಂಬತ್ತೇ ಎಂದರು. ಒಂದು ಸುತ್ತು ಹೋಗಿ ಬರೋಣ, ಹಿಡಿಸಿದರೆ ಹತ್ತನೇ ಬುಕಿಂಗ್ ತಮ್ಮದೇ ಎಂದರು. ಗಾಡಿಯ ಇನ್ನೊಂದು ಕೀಲಿ ಅವರ ಜಾಕೆಟ್ಟಿನ ಕಿಸೆಯಲ್ಲಿತ್ತು. ಬಟನ್ನಿರುವ ಕೀಲಿ. ಏಕಾಂತಯ್ಯ ಮುಂದೆ, ಅವರು ಹಿಂದೆ ಕೂತು ಎಸ್ಟೇಟ್ ಕಡೆ ಹೊರಟರು.

"ಅದ್ಭುತ" ಎಂದರು ಸುನಿಲ್‌ಕುಮಾರ್ ಮೊದಲನೇ ತಿರುವಿನಲ್ಲಿ. "ಏನೂ ಕೇಳಿಸುತ್ತಿಲ್ಲ" ಎಂದರು ಎರಡನೆಯದರಲ್ಲಿ.

ಮೂರನೇ ತಿರುವಿನಲ್ಲಿ ರಸ್ತೆ ಇರಲಿಲ್ಲ. ರಸ್ತೆ ಇರಬೇಕಾದ ಕಡೆ ಆನೆ ಇತ್ತು.

ಏಕಾಂತಯ್ಯ ಮೊದಲು ಅದನ್ನು ಬಂಡೆ ಎಂದುಕೊಂಡ. ಆಮೇಲೆ ಬಂಡೆ ಕಿವಿ ಬೀಸಿತು. ಅದರ ಆಚೆ ಇನ್ನೊಂದು ಬಂಡೆ, ಅದರಾಚೆ ಇನ್ನೊಂದು. ಒಟ್ಟು ಏಳು, ಕೊನೆಯದು ಮರಿ. ಇಪ್ಪತ್ತು ಅಡಿಯಾಚೆ ಅವು ರಸ್ತೆ ದಾಟುತ್ತಿದ್ದವು. ಅಷ್ಟು ಮೈ ಹೊತ್ತುಕೊಂಡು ಒಂದು ಒಣಗಿದೆಲೆಯೂ ಮುರಿಯುತ್ತಿರಲಿಲ್ಲ. ಇತ್ತ ಈ ಗಾಡಿಯೂ ಉಸಿರೆತ್ತಿರಲಿಲ್ಲ. ಸದ್ದಿಲ್ಲದ ಎರಡು ಜೀವ ಒಂದೇ ತಿರುವಿನಲ್ಲಿ ಎದುರಾಗಿದ್ದವು. ಆನೆಗಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಮುಂದಿದ್ದ ಹೆಣ್ಣಾನೆಯ ಹಣೆಯ ಮೇಲೆ ಕೆಮ್ಮಣ್ಣು ಅಂಟಿತ್ತು. ಅದರ ರೆಪ್ಪೆಗೆ ಕೂದಲಿದ್ದವು, ಉದ್ದುದ್ದ ಕೂದಲು. ಈ ಸಂಗತಿಯನ್ನು ನಾಗರತ್ನಮ್ಮ ಹೇಳಿರಲಿಲ್ಲ, ಕಂಡಕ್ಟರ್ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಏಕಾಂತಯ್ಯ ಹೆಲ್ಮೆಟ್ ತೆಗೆದ.

"ಹಾರನ್" ಎಂದು ಹಿಂದಿನಿಂದ ಉಸಿರು ಬಂತು. "ಹಾರನ್ ಹೊಡೀರಿ."

"ಸುಮ್ನಿರಿ ಸಾರ್. ಐವತ್ತಾರು ವರ್ಷ ಕಾದಿದೀನಿ."

"ಇಪ್ಪತ್ತೆಂಟು ಅಂದಿದ್ರಿ?"

ಸುನಿಲ್‌ಕುಮಾರ್ ಹಿಂದಿನಿಂದ ಜಾರಿ ಇಳಿದು ಪಕ್ಕದ ಸಿಲ್ವರ್ ಮರ ಹತ್ತಿದರು. ಮೆಣಸಿನ ಬಳ್ಳಿ ಹಿಡಿದು ಹತ್ತುವಾಗ ಬಲಗಾಲಿನ ಬೂಟು ಕೆಳಗುಳಿಯಿತು. ಏಕಾಂತಯ್ಯ ಗಾಡಿಗೆ ಸ್ಟ್ಯಾಂಡ್ ಹಾಕಿ, ಅದೇ ಮರದ ಮರೆಗೆ ಹಿಂದಿಂದಕ್ಕೆ ಹೆಜ್ಜೆಯಿಟ್ಟ. ಆನೆಗಳ ಕಡೆಗೆ ಬೆನ್ನು ಮಾಡಲು ಅವನಿಗೆ ಮನಸ್ಸು ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬೋರ್ಡು ಉಳಿಯುತ್ತಿತ್ತು. ಆದರೆ ಸುನಿಲ್‌ಕುಮಾರ್ ಮರವನ್ನು ಎದೆಗಪ್ಪಿಕೊಂಡಿದ್ದರು, ಎದೆ ಮತ್ತು ಮರದ ನಡುವೆ ಕಿಸೆಯಿತ್ತು, ಕಿಸೆಯಲ್ಲಿ ಕೀಲಿಯಿತ್ತು. ಗಾಡಿಯ ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ಅದರ ಹೊಟ್ಟೆಯೊಳಗಿನಿಂದ ಒಬ್ಬ ಹೆಂಗಸು ಇಂಪಾಗಿ, "ನಮಸ್ಕಾರ! ನಾನು ನಿಮ್ಮ ಸೇನಾನಿ ಯುವ. ಹೊರಡೋಣವೇ?" ಎಂದಳು.

ಏಳು ಆನೆಗಳೂ ನಿಂತವು. ಮುಂದಿನ ಹೆಣ್ಣಾನೆ ಗಾಡಿಯ ಬಳಿ ಬಂದು, ಸೊಂಡಿಲಿನಿಂದ ಕನ್ನಡಿ ಮುಟ್ಟಿ, ಸೀಟು ಮುಟ್ಟಿ ಯೋಚಿಸಿತು. ಮೇಲಿದ್ದವರು ನಡುಗಿದರು, ಕೀಲಿಯ ಬಟನ್ನು ಮತ್ತೆ ಒತ್ತಿಹೋಯಿತು.

"ನಮಸ್ಕಾರ! ನಾನು ನಿಮ್ಮ ಸೇನಾನಿ ಯುವ. ಹೊರಡೋಣವೇ?"

ಮೂರನೇ ಸಲ ಕೇಳಿದಾಗ ಆನೆ ಗಾಡಿಯ ಮೇಲೆ ಕಾಲಿಟ್ಟಿತು. ಒಂದೇ ಕಾಲು. ಸಿಟ್ಟಿನಿಂದಲ್ಲ, ಬೀಡಿ ಸೇದಿ ಮುಗಿಸಿದವನು ತುಂಡನ್ನು ಚಪ್ಪಲಿಯಲ್ಲಿ ಹೊಸಕುವ ಹಾಗೆ, ಬೇರೆಲ್ಲೋ ನೋಡುತ್ತ. ಆಮೇಲೆ ಗಾಡಿ ಏನೂ ಕೇಳಲಿಲ್ಲ. ಮರಿ ಗಾಡಿಯಿಂದ ಉರುಳಿದ್ದ ಟಿಫನ್ ಕ್ಯಾರಿಯರನ್ನು ಸೊಂಡಿಲಿಗೆ ಸಿಕ್ಕಿಸಿಕೊಂಡಿತು, ಅಮ್ಮಂದಿರ ಹಿಂದೆ ಅಲ್ಲಾಡಿಸುತ್ತ ಇಳಿಯಿತು. ಅದರ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಆ ಸಂಜೆ ಬಾಳ್ಳುಪೇಟೆಯ ಒಂಬತ್ತು ಮನೆಗಳಲ್ಲಿ ಒಂಬತ್ತು ತಾಯಂದಿರು ಒಂದೇ ಮಾತು ಆಡಿದರು. "ಸದ್ದು ಮಾಡ್ದಿರೋ ಗಾಡೀಲಿ ಹೋಗಿ ಆನೆ ಹೊಟ್ಟೆ ಕೆಳಗೆ ಸೇರ್ಕೋತೀಯೇನೋ?" ಒಂಬತ್ತು ಅಪ್ಪಂದಿರು ತಮ್ಮ ಸೇನಾನಿಯ ಮೇಲಿನ ಕೋಳಿಗಳನ್ನು ಓಡಿಸಿ, ಸೀಟು ಒರೆಸಿ, "ಇದನ್ನ ಓಡ್ಸು" ಎಂದರು. ಎಂಟು ಗಂಟೆಯೊಳಗೆ ಒಂಬತ್ತು ಬುಕಿಂಗೂ ರದ್ದಾದವು. ಸುನಿಲ್‌ಕುಮಾರ್ ಒಂದು ಬೂಟಿನಲ್ಲಿ ಬಸ್ಸು ಹತ್ತಿದರು.

ಆಯುಧಪೂಜೆಯ ಬೆಳಿಗ್ಗೆ ಮಹೇಶ ಎಲ್ಲ ಸ್ಪ್ಯಾನರುಗಳಿಗೂ ಕುಂಕುಮ ಇಟ್ಟು, ಅದೇ ಸ್ಪ್ಯಾನರಿನಲ್ಲಿ ಬೋರ್ಡು ಬಿಚ್ಚಿದ. ಏಕಾಂತಯ್ಯ ಏಣಿ ಹಿಡಿದುಕೊಂಡ. ಗಾಡಿ ಏನಾಯ್ತು, ಬ್ಯಾಟರಿ ಸಿಡಿಯಿತಾ, ಸಾಹೇಬರು ಎಷ್ಟೆತ್ತರ ಹತ್ತಿದರು ಎಂದು ಊರೆಲ್ಲ ಕೇಳಿತ್ತು. ಬೋರ್ಡನ್ನು ಗೋಡೆಗೆ ಒರಗಿಸಿ, ಕೈ ಕೊಡವಿಕೊಂಡ ಮಹೇಶ ಬೇರೆಯದನ್ನು ಕೇಳಿದ.

"ಮಾವ, ಆನೆ ಹೆಂಗಿತ್ತು?"

ಏಕಾಂತಯ್ಯ ಬಾಯಿ ತೆರೆದ. ಎರಡೂ ಕೈ ಮೇಲೆತ್ತಿದ, ಅಗಲ ಮಾಡಿದ, ಇಳಿಸಿದ. ಕಣ್ಣಿನ ಹತ್ತಿರ ಬೆರಳು ತಂದು ರೆಪ್ಪೆ ತೋರಿಸಲು ಹೋದ. ಅದೂ ಆಗಲಿಲ್ಲ.

"ದೊಡ್ದು ಕಣೋ" ಎಂದ.

ಮಾರನೇ ದಿನ ಮಹೇಶ ಖಾಲಿ ಶೋರೂಮಿನಲ್ಲಿ ಹಳೇ ಸೇನಾನಿಗಳ ರಿಪೇರಿಗೆ ಕೂತ. ಏಕಾಂತಯ್ಯ ತನ್ನದನ್ನು ಒದ್ದು ಎಬ್ಬಿಸಿದ. ಟೀ ಅಂಗಡಿಯ ಗಾಜು ನಡುಗಿತು. ಬೀದಿಯ ಹೆಂಗಸರು ಉಸಿರು ಬಿಟ್ಟರು. ಮೂರನೇ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ, ಆಕ್ಸಿಲರೇಟರನ್ನು ಎರಡು ಸಲ ಜೋರಾಗಿ ತಿರುವಿ, ನೂರು ಎಣಿಸಿ, ಆಮೇಲೆ ಮುಂದೆ ಹೋದ. ತೋಟದಲ್ಲಿ ಹತ್ತೊಂಬತ್ತು ಬೆನ್ನುಗಳೂ ಬಾಗಿದ್ದವು. ಒಬ್ಬ ಆಳೂ ಕೂತಿರಲಿಲ್ಲ.

ಮಧ್ಯಾಹ್ನ ಅವನು ನಷ್ಟದ ಅರ್ಜಿ ಹರಡಿಕೊಂಡು ಕೂತ. ಕಲ್ಯಾಣಮ್ಮ ವಾಡಿಕೆಯಂತೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದಳು. ಏಕಾಂತಯ್ಯ ಕಾಗದವನ್ನು ತನ್ನ ಕಡೆ ಎಳೆದುಕೊಂಡ. 'ಆನೆಯನ್ನು ಕಣ್ಣಾರೆ ಕಂಡವರ ಹೆಸರು ಮತ್ತು ಸಹಿ' ಎಂಬ ಗೆರೆಯ ಮೇಲೆ ತನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಬರೆದು, ಸಹಿ ಹಾಕಿ, ಅದರ ಕೆಳಗೆ ಇನ್ನೊಮ್ಮೆ ಸಹಿ ಹಾಕಿದ. ಕಲ್ಯಾಣಮ್ಮ ಬಗ್ಗಿ ನೋಡಿ ಪೆನ್ನಿನ ಮುಚ್ಚಳ ಎತ್ತಿಕೊಟ್ಟಳು. ಆಮೇಲೆ ಅವನು ಮೇಲಿನ ಕಾಲಮ್ಮು ತುಂಬಿಸಿದ.

ಬೈಕು, ಒಂದು. ಟಿಫನ್ ಕ್ಯಾರಿಯರ್, ಮೂರು ಡಬ್ಬಿಯದು, ಒಂದು. ಬೂಟು, ಬಲಗಾಲಿನದು, ಒಂದು. ಬುಕಿಂಗ್, ಒಂಬತ್ತು. ಬೋರ್ಡು, ಒಂದು. ಕಾಫಿ ಗಿಡ, ಇಲ್ಲ.